ಉಳ್ಳಾಲದಲ್ಲಿ ಜಾಗ, ಮನೆ: ಓದುಗರು ಕೇಳಿದ್ದು

ಮಂಗಳೂರು ಪೇಟೆಯೊಳಗೆ ಜಾಗದ ರೇಟು ಏರಿದ ಮೇಲೆ ನೇತ್ರಾವತಿ ಸೇತುವೆ ದಾಟಿ ಈಚೆ ಹುಡುಕುವವರು ಜಾಸ್ತಿಯಾಗಿದ್ದಾರೆ. ಉಳ್ಳಾಲ, ತೊಕ್ಕೊಟ್ಟು, ಸೋಮೇಶ್ವರ, ಕೋಟೆಕಾರು ಎಂದು ಕೇಳಿಕೊಂಡು ನಮ್ಮ ಅಂಕಣಕ್ಕೆ ಬಂದ ಪ್ರಶ್ನೆಗಳೇ ಒಂದು ಕಟ್ಟು ಇದ್ದವು. ಹಾಗಾಗಿ ಈ ಸಲ ಪೂರ್ತಿ ಉಳ್ಳಾಲಕ್ಕೇ ಬಿಟ್ಟಿದ್ದೇವೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ತೆಗೆದಿದ್ದೇನೆ. ನಾನೂ ಇದೇ ಕಡೆಯವನು. ಊರಿನ ಮೇಲೆ ಪ್ರೀತಿ ಇದೆ. ಅದಕ್ಕೇ ಕೆಲವು ಕಡೆ ಖಡಕ್ಕಾಗಿ ಬೇಡ ಎಂದಿದ್ದೇನೆ.

ಪ್ರಶ್ನೆ: ಮೊಗವೀರಪಟ್ಣದ ಹತ್ತಿರ ಸಮುದ್ರದ ಎದುರು 12 ಸೆಂಟ್ಸ್ ಜಾಗ ಇದೆ. ಡಿಸೆಂಬರ್ ರಜೆಯಲ್ಲಿ ಬಂದಾಗ ನೋಡಿದೆ, ತುಂಬಾ ಇಷ್ಟವಾಯಿತು. ಒಳಗಿನ ಜಾಗಕ್ಕಿಂತ ರೇಟು ಕಡಿಮೆ. ಆರ್‌ಟಿಸಿಯಲ್ಲಿ ಇನ್ನೂ ಕೃಷಿ ಜಾಗ ಎಂದೇ ಇದೆಯಂತೆ. ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟು ತೆಗೆದುಕೊಳ್ಳಬಹುದಾ? (ದಮಾಮ್‌ನಿಂದ ಒಬ್ಬ ಓದುಗರು)

ಈಗ ತೆಗೆದುಕೊಳ್ಳಬೇಡಿ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಸಮುದ್ರದ ವಿಷಯ. ಡಿಸೆಂಬರ್‌ನಲ್ಲಿ ಉಳ್ಳಾಲದ ಕಡಲು ಶಾಂತ. ಮಳೆಗಾಲದಲ್ಲಿ ಎಳೆದುಕೊಂಡು ಹೋದ ಮರಳಿನಲ್ಲಿ ಒಂದಷ್ಟು ವಾಪಸ್ ಬಂದಿರುತ್ತದೆ, ದಡ ಅಗಲವಾಗಿ ಕಾಣುತ್ತದೆ. ಅದೇ ಜಾಗವನ್ನು ಜೂನ್ ಕೊನೆಯಲ್ಲೋ ಜುಲೈನಲ್ಲೋ ನೋಡಬೇಕು. ಮೊಗವೀರಪಟ್ಣ, ಕೈಕೋ, ಕಿಲೇರಿಯಾ ನಗರ, ಸೀಗ್ರೌಂಡ್, ಮುಕ್ಕಚ್ಚೇರಿ, ಆಚೆ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ. ಮಳೆಗಾಲದ ಕಡಲ್ಕೊರೆತದ ಸುದ್ದಿಯಲ್ಲಿ ಪ್ರತಿ ವರ್ಷ ಇವೇ ಹೆಸರು ಬರುವುದನ್ನು ನೀವೂ ಓದಿರುತ್ತೀರಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮಳೆಗಾಲ ಶುರುವಾಗುವ ಮುಂಚೆಯೇ ಈ ಸಾಲಿನ ಮನೆ, ರಸ್ತೆಗಳಿಗೆ ಏಟು ಬಿತ್ತು.

ಸರ್ಕಾರ ಸುಮ್ನೆ ಕೂತಿಲ್ಲ. ವರ್ಷಗಟ್ಟಲೆ ಲಾರಿಯಲ್ಲಿ ಕಲ್ಲು ತಂದು ಸುರಿದರು. ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ದೊಡ್ಡ ಯೋಜನೆಯೇ ಬಂತು. ಅಳಿವೆಬಾಗಿಲಿನ ಬ್ರೇಕ್‌ವಾಟರ್ (ಅಲೆ ತಡೆಯುವ ಗೋಡೆ) ರಿಪೇರಿ ಮಾಡಿದರು, ದಡದಿಂದ ದೂರಕ್ಕೆ ನೀರಿನಡಿ ಅಲೆಯ ಜೋರು ಮುರಿಯುವ ರೀಫ್ ಕಟ್ಟಿದರು, ದಡಕ್ಕೆ ತಾಗಿದಂತೆ ಬರ್ಮ್ (ದಿಬ್ಬ) ಹಾಕಿದರು. ಉಪಯೋಗ ಆಗಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಕಡಲಿನಲ್ಲಿ ಮರಳು ದಡದ ಉದ್ದಕ್ಕೂ ನಡೆಯುತ್ತಾ ಇರುತ್ತದೆ. ಒಂದು ಕಡೆ ತಡೆದರೆ ಪಕ್ಕದ ದಡಕ್ಕೆ ಬರಬೇಕಾದ ಮರಳು ಬರುವುದಿಲ್ಲ, ಕೊರೆತ ಅಲ್ಲಿಗೆ ಸರಿಯುತ್ತದೆ. ನೇತ್ರಾವತಿ, ಫಲ್ಗುಣಿ ಎರಡೂ ಬಂದು ಸೇರುವ ಅಳಿವೆ ಪಕ್ಕದಲ್ಲೇ ಇರುವಾಗ ಲೆಕ್ಕ ಇನ್ನೂ ಕಷ್ಟ. ನಿಮ್ಮ ಜಾಗದ ಎದುರು ಇವತ್ತು ಕಲ್ಲಿನ ಗೋಡೆ ಇದೆ ಎಂದರೆ ಅಲ್ಲಿ ನಿನ್ನೆ ತೊಂದರೆ ಇತ್ತು ಎಂದೇ ಅರ್ಥ ಮಾಡಿಕೊಳ್ಳಿ. ಬ್ರೋಕರ್ ಅದನ್ನು ಧೈರ್ಯ ಹೇಳುವುದಕ್ಕೆ ತೋರಿಸುತ್ತಾನೆ.

ಎರಡನೆಯದು ಸಿಆರ್‌ಝೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 1991ರಿಂದ ಈ ನಿಯಮ ಇದೆ. 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಭರತದ ನೀರು ಬರುವ ಗೆರೆಯಿಂದ 500 ಮೀಟರ್‌ವರೆಗೆ ಇದರ ಹಿಡಿತ. ಪುರಸಭೆ, ನಗರಸಭೆ ವ್ಯಾಪ್ತಿಯಲ್ಲಿ ಆಗಲೇ ಮನೆ ತುಂಬಿರುವ ಪ್ರದೇಶ ಸಾಮಾನ್ಯವಾಗಿ ಸಿಆರ್‌ಝೆಡ್-2 ಆಗುತ್ತದೆ. ಅಲ್ಲಿ ಈಗಿರುವ ರಸ್ತೆ ಅಥವಾ ಪರವಾನಗಿ ಇರುವ ಹಳೇ ಕಟ್ಟಡದ ಗೆರೆಯಿಂದ ಒಳಗೆ, ಅಂದರೆ ನೆಲದ ಕಡೆಗೆ ಮಾತ್ರ ಕಟ್ಟಬಹುದು. ರಸ್ತೆಯ ಸಮುದ್ರದ ಬದಿಗೆ ನಿಮ್ಮ 12 ಸೆಂಟ್ಸ್ ಇದ್ದರೆ ಹೊಸ ಮನೆಗೆ ಅನುಮತಿ ಸಿಗುವುದು ಅನುಮಾನವೇ. ಗ್ರಾಮೀಣ ಭಾಗ ಸಿಆರ್‌ಝೆಡ್-3ಕ್ಕೆ ಬರುತ್ತದೆ. ಅದರಲ್ಲಿ ಜನ ದಟ್ಟವಾಗಿದ್ದರೆ ಮೊದಲ 50 ಮೀಟರ್, ಇಲ್ಲದಿದ್ದರೆ 200 ಮೀಟರ್ ಏನೂ ಕಟ್ಟದ ವಲಯ. ಹೊಳೆ, ಉಪ್ಪುನೀರು ಬರುವ ತೋಡಿನ ಬದಿಗೂ ಬೇರೆ ಅಳತೆ ಇದೆ, ಅದನ್ನು ಜನ ಮರೆತೇ ಬಿಡುತ್ತಾರೆ. ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿ ಬರುತ್ತದೆ ಎಂದು ತಿಳಿಯಲು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆ ನೋಡಬೇಕು. ಮಂಗಳೂರಿನಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿ ಇದೆ. ಅಲ್ಲಿ ಸರ್ವೆ ನಂಬರ್ ಕೊಟ್ಟು ಲಿಖಿತ ಉತ್ತರ ಕೇಳಿ. ಬಾಯಿಮಾತು ಬೇಡ.

ಮೂರನೆಯದು ನಿಮಗೇ ವಿಶೇಷವಾಗಿ ಅನ್ವಯ. ನೀವು ಹೊರದೇಶದಲ್ಲಿ ನೆಲೆಸಿರುವವರು. ಆರ್‌ಟಿಸಿಯಲ್ಲಿ ಕೃಷಿ ಎಂದೇ ಇದ್ದರೆ ಅನಿವಾಸಿಗಳು ಅದನ್ನು ಖರೀದಿ ಮಾಡುವಂತಿಲ್ಲ. ಇದು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮ. ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿ ಕೃಷಿಕರಲ್ಲದವರೂ ಕೃಷಿ ಜಾಗ ಕೊಳ್ಳಬಹುದು ಎಂದು ಮಾಡಿದರಲ್ಲ, ಅದರಿಂದ ಫೆಮಾ ನಿಯಮ ಸಡಿಲವಾಗಿಲ್ಲ. ಇವೆರಡನ್ನೂ ಬೆರೆಸಿ ಹೇಳುವವರ ಮಾತು ಕೇಳಬೇಡಿ. ಮೊದಲು ಮಾರುವವರು ಕೃಷಿ ಜಾಗವನ್ನು ಮನೆ ಕಟ್ಟುವ ಜಾಗವಾಗಿ ಕನ್ವರ್ಷನ್ ಮಾಡಿಸಲಿ, ಮುಡಾದಿಂದ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನದ ವಿನ್ಯಾಸಕ್ಕೆ ಅನುಮೋದನೆ ತರಲಿ, ಖಾತೆ ಆಗಲಿ. ಆಮೇಲೆ ಮಾತು. ಪವರ್ ಆಫ್ ಅಟಾರ್ನಿ ಕೊಡುವುದು ತಪ್ಪಲ್ಲ, ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳುಹಿಸಿ, ಇಲ್ಲಿ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿಸಿ. ಆದರೆ ಈ ಜಾಗಕ್ಕೆ ಬೇಡ. ಗಲ್ಫ್‌ನಲ್ಲಿ ದುಡಿದ ದುಡ್ಡು ಎಷ್ಟು ವರ್ಷದ ಬೆವರು ಎಂದು ಈ ಊರಿನ ಪ್ರತಿ ಮನೆಗೂ ಗೊತ್ತು. ಅದನ್ನು ಕಡಲಿನ ಬಾಯಿಗೆ ಹಾಕಬೇಡಿ. ಸಮುದ್ರ ಇಷ್ಟವಾದರೆ ಒಂದು ಕಿಲೋಮೀಟರ್ ಒಳಗೆ ಮನೆ ಮಾಡಿ, ಸಂಜೆ ನಡೆದು ಹೋಗಿ ನೋಡಿ ಬನ್ನಿ.

ಪ್ರಶ್ನೆ: ಉಳ್ಳಾಲ ಪೇಟೆ ಕಡೆ ಹಳೇ ಹಂಚಿನ ಮನೆ, 18 ಸೆಂಟ್ಸ್ ಹಿತ್ತಿಲು ಸಮೇತ ಮಾರಾಟಕ್ಕಿದೆ. ಮನೆಯವರು ಒಳ್ಳೆಯ ಜನ. ದಾಖಲೆ ಕೇಳಿದರೆ ಒಂದಷ್ಟು ಜಾಗ ವರ್ಗ, ಒಂದಷ್ಟು ಮೂಲಗೇಣಿ ಎನ್ನುತ್ತಾರೆ, ಅಜ್ಜಿಯ ಕಡೆಯಿಂದ ಬಂದದ್ದು ಎನ್ನುತ್ತಾರೆ. ನಾವು ಬೆಂಗಳೂರಿನವರು, ಇದೆಲ್ಲ ಅರ್ಥವಾಗುವುದಿಲ್ಲ. ಬಿಡಬೇಕಾ, ಹಿಡಿಯಬೇಕಾ?

ಬಿಡಬೇಕಾಗಿಲ್ಲ. ಆದರೆ ಅವಸರ ಬೇಡ. ಬೆಂಗಳೂರಿನ ಸೈಟಿನ ಲೆಕ್ಕದಲ್ಲಿ ಇಲ್ಲಿನ ದಾಖಲೆ ನೋಡಬಾರದು, ಇಲ್ಲಿನ ಜಾಗಕ್ಕೆ ಇಲ್ಲಿನದೇ ಚರಿತ್ರೆ ಇದೆ.

ವರ್ಗ ಎಂದರೆ ಸ್ವಂತದ್ದು, ಸರ್ಕಾರಕ್ಕೆ ನೇರ ತೀರ್ವೆ ಕಟ್ಟುವ ಜಾಗ. ಅದರಲ್ಲಿ ಗೊಂದಲ ಕಡಿಮೆ. ಮೂಲಗೇಣಿ ಎಂದರೆ ಶಾಶ್ವತ ಗೇಣಿ. ಹಿಂದೆ ಯಾವುದೋ ಕಾಲದಲ್ಲಿ ಜಾಗದ ಒಡೆಯರು, ಅಂದರೆ ಮೂಲಿದಾರರು, ಇಷ್ಟು ಗೇಣಿ ಎಂದು ನಿಗದಿ ಮಾಡಿ ಬರೆದುಕೊಟ್ಟರು. ಗೇಣಿ ಏರಿಸುವಂತಿಲ್ಲ, ಎಬ್ಬಿಸುವಂತಿಲ್ಲ, ಮಕ್ಕಳು ಮೊಮ್ಮಕ್ಕಳವರೆಗೂ ನಡೆಯುತ್ತದೆ. ಮೂಲಗೇಣಿದಾರರು ಅದರಲ್ಲೇ ಮನೆ ಕಟ್ಟಿದರು, ತೆಂಗು ಹಾಕಿದರು, ಸಾಕಷ್ಟು ಕಡೆ ಮಾರಿದರು ಕೂಡ. 1974ರ ಭೂಸುಧಾರಣೆ ಬಂದಾಗ ನಮ್ಮ ಜಿಲ್ಲೆಯಲ್ಲಿ ಉಳುವವರಿಗೆ ಜಾಗ ಸಿಕ್ಕಿತು, ಡಿಕ್ಲರೇಶನ್ ಕೊಟ್ಟು ಬಂದ ಜಾಗ ಎಂದು ಈಗಲೂ ಹೇಳುತ್ತೇವಲ್ಲ, ಅದು. ಆದರೆ ಆ ಕಾನೂನು ಕೃಷಿ ಜಾಗಕ್ಕೆ. ಪೇಟೆಯ ಮನೆ ಅಡಿಸ್ಥಳ ಮೂಲಗೇಣಿಯಾಗಿಯೇ ಉಳಿಯಿತು. ಅವರಿಗೂ ಒಡೆತನ ಕೊಡಲೆಂದು 2011ರ ಹೆಸರಿನಲ್ಲಿ ಬೇರೆಯೇ ಕಾಯ್ದೆ ಬಂತು, ಮೂಲಿದಾರರು ಅದರ ವಿರುದ್ಧ ಕೋರ್ಟಿಗೆ ಹೋದರು. ಹಾಗಾಗಿ ನೀವು ಕೊಳ್ಳುವ ದಿನಕ್ಕೆ ಆ ಕಾಯ್ದೆಯ ಸ್ಥಿತಿ ಏನು ಎಂದು ಮಂಗಳೂರಿನ ಕೋರ್ಟಿನಲ್ಲಿ ಮೂಲಗೇಣಿ ಕೇಸು ನಡೆಸಿದ ವಕೀಲರನ್ನೇ ಕೇಳಿ. ಬೆಂಗಳೂರಿನ ನಿಮ್ಮ ಪರಿಚಯದ ವಕೀಲರು ಎಷ್ಟೇ ದೊಡ್ಡವರಾಗಿರಲಿ, ಇದು ಅವರ ಕೈಗೆ ದಿನಾ ಬರುವ ವಿಷಯ ಅಲ್ಲ.

ನೀವು ನೋಡಬೇಕಾದದ್ದು ಮೂಲಗೇಣಿ ಚೀಟು. ಮೂಲ ಬರಹ. ಅದರಲ್ಲಿ ಪರಭಾರೆ ಮಾಡಬಾರದು ಎಂದೋ, ಮಾರುವುದಾದರೆ ಮೊದಲು ಮೂಲಿದಾರರನ್ನು ಕೇಳಬೇಕು ಎಂದೋ ಷರತ್ತು ಇರಬಹುದು. ಗೇಣಿ ಕಟ್ಟಿದ ರಶೀದಿ ಇದೆಯಾ, ಮೂಲಿದಾರರ ಈಗಿನ ವಾರಸುದಾರರು ಯಾರು, ಅವರು ಮೂಲಿ ಹಕ್ಕು ಬಿಟ್ಟುಕೊಡಲು ಒಪ್ಪುತ್ತಾರಾ? ಒಪ್ಪುವುದಾದರೆ ಅದನ್ನೂ ರಿಜಿಸ್ಟರ್ ಮಾಡಿಸಿಯೇ ಕೊಳ್ಳುವುದು ಒಳ್ಳೆಯದು. ಆ ಖರ್ಚು ಯಾರದ್ದು ಎಂದು ಕರಾರು ಪತ್ರದಲ್ಲೇ ಬರೆಯಿರಿ. ಸಾಲ ಕೊಡುವ ಬ್ಯಾಂಕ್ ಕೂಡ ಇದನ್ನೇ ಕೇಳುತ್ತದೆ.

ಇನ್ನು ಅಜ್ಜಿಯ ಕಡೆಯಿಂದ ಬಂದದ್ದು ಎಂದರಲ್ಲ, ನನಗೆ ಮೂಲಗೇಣಿಗಿಂತ ಇದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ತುಳುನಾಡಿನ ಎಷ್ಟೋ ಸಮುದಾಯಗಳಲ್ಲಿ ಅಳಿಯಕಟ್ಟು. ಆಸ್ತಿ ತಾಯಿಯ ಕಡೆಯಿಂದ ಹೋಗುತ್ತದೆ, ತಂದೆಯಿಂದ ಮಗನಿಗಲ್ಲ. ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕ ಉಳ್ಳಾಲದ ಗದ್ದುಗೆಗೆ ಬಂದದ್ದೂ ಚೌಟ ಮನೆತನದಲ್ಲಿ ಇದೇ ಕಟ್ಟು ಇದ್ದುದರಿಂದ. 1949ರ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಪಾಲು ಮಾಡಿಕೊಳ್ಳುವ ದಾರಿ ಬದಲಾಯಿತು. ಆದರೂ ಹಳೇ ಕುಟುಂಬದ ಆಸ್ತಿ ಪಾಲಾಗದೆ ಉಳಿದಿದ್ದರೆ ಅಜ್ಜಿಯ ಅಕ್ಕತಂಗಿಯರ ಮಕ್ಕಳು, ಅವರ ಮಕ್ಕಳು ಎಲ್ಲರೂ ಹಕ್ಕುದಾರರಾಗುವ ಸಾಧ್ಯತೆ ಇದೆ. ಆ ಕಾಲದ ಪಾಲುಪಟ್ಟಿಯಲ್ಲಿ ಸಂತತಿ ಇಲ್ಲದ ಕವರಿಗೆ (ತಾಯಿಯ ಕಡೆಯ ಕುಟುಂಬದ ಒಂದು ಕವಲು) ಜೀವಮಾನದ ಹಕ್ಕು ಮಾತ್ರ ಬಂದಿರುವುದೂ ಉಂಟು. ಅದನ್ನು ನೋಡದೆ ಕೊಂಡರೆ ಇಪ್ಪತ್ತು ವರ್ಷದ ನಂತರವೂ ನೋಟಿಸ್ ಬರಬಹುದು.

ಹಾಗಾಗಿ ಮನೆಯವರ ಹತ್ತಿರ ವಂಶವೃಕ್ಷ ಬರೆಸಿ. ಸುಮ್ನೆ ಗಂಡುಮಕ್ಕಳ ಹೆಸರು ಬರೆದು ಕೊಟ್ಟರೆ ಒಪ್ಪಬೇಡಿ. ಮುಂಬೈಗೆ ಹೋದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ತೀರಿಹೋದವರ ಮಕ್ಕಳು ಎಲ್ಲರೂ ಅದರಲ್ಲಿ ಬರಬೇಕು. ಇದು ಅಳಿಯಕಟ್ಟಿನವರಿಗೆ ಮಾತ್ರ ಅಲ್ಲ. ಬ್ಯಾರಿಗಳ ಮನೆಯಾಗಲಿ, ಕ್ರೈಸ್ತರ ಮನೆಯಾಗಲಿ, ಹೆಣ್ಣುಮಕ್ಕಳಿಗೆ ಪಾಲು ಇದ್ದೇ ಇದೆ, ಅವರ ಸಹಿ ಇಲ್ಲದ ಮಾರಾಟ ಗಟ್ಟಿ ಅಲ್ಲ. ಸಹಿ ತೆಗೆದುಕೊಳ್ಳುವಾಗ ಅವರಿಗೆ ಸಿಗಬೇಕಾದ ದುಡ್ಡು ಅವರ ಖಾತೆಗೇ ಹೋಗುವಂತೆ ನೋಡಿಕೊಳ್ಳಿ ಎಂದು ನನ್ನ ವಿನಂತಿ. ಕಾನೂನಿಗೂ ಒಳ್ಳೆಯದು, ನ್ಯಾಯವೂ ಹೌದು.

ಮನೆಯವರು ನಿಜಕ್ಕೂ ಒಳ್ಳೆಯವರಾದರೆ ಇದಕ್ಕೆಲ್ಲ ಬೇಸರ ಮಾಡಿಕೊಳ್ಳುವುದಿಲ್ಲ. ಆರು ತಿಂಗಳು ಹಿಡಿಯಲಿ, ಹಿಡಿಯಬಹುದು. ಅಡ್ವಾನ್ಸ್ ಸ್ವಲ್ಪವೇ ಕೊಡಿ.

ಪ್ರಶ್ನೆ: ಅದೇ ತರಹದ ಹಳೇ ಮನೆ ನಾವು ಆಗಲೇ ಕೊಂಡಿದ್ದೇವೆ. ಕೆಡವಿ ಆರ್‌ಸಿಸಿ ಕಟ್ಟಿ ಎನ್ನುತ್ತಾರೆ ಎಲ್ಲರೂ. ನನ್ನ ಹೆಂಡತಿಗೆ ಮನಸ್ಸಿಲ್ಲ. ಏನು ಮಾಡುವುದು?

ನಾನು ನಿಮ್ಮ ಹೆಂಡತಿಯವರ ಪರ.

ಕೆಂಪುಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ಈ ಹಂಚು ಹುಟ್ಟಿದ್ದೇ ಇಲ್ಲಿಂದ ಹೊಳೆಯಾಚೆ ಜೆಪ್ಪುವಿನಲ್ಲಿ, 1865ರಲ್ಲಿ ಬಾಸೆಲ್ ಮಿಷನ್‌ನವರು ನೇತ್ರಾವತಿ ದಡದ ಮಣ್ಣಿನಿಂದ ಶುರು ಮಾಡಿದ ಕಾರ್ಖಾನೆಯಲ್ಲಿ. ನಮ್ಮ ಮಳೆಗೆ, ಉಪ್ಪುಗಾಳಿಗೆ ಆ ಮಾಡು ಹೊಂದುತ್ತದೆ. ಇಳಿಜಾರು ಚೆನ್ನಾಗಿದ್ದರೆ ನೀರು ನಿಲ್ಲುವುದಿಲ್ಲ, ಹಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ, ತುಕ್ಕು ಹಿಡಿಯಲು ಅದರಲ್ಲಿ ಕಬ್ಬಿಣವೇ ಇಲ್ಲ. ಸಮುದ್ರದ ಹತ್ತಿರ ಆರ್‌ಸಿಸಿ ಮನೆಗೆ ದೊಡ್ಡ ಶತ್ರು ತುಕ್ಕು. ಉಪ್ಪು ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತಗುಲಿದರೆ ಸರಳು ಊದಿಕೊಂಡು ಸ್ಲ್ಯಾಬ್ ಬಿರುಕು ಬಿಡುತ್ತದೆ. ಕರಾವಳಿಯ ಕಟ್ಟಡಕ್ಕೆ ಎಂ30 ಕಾಂಕ್ರೀಟು, ಸರಳಿನ ಮೇಲೆ ಕಡಿಮೆಯೆಂದರೆ 45 ಮಿಲಿಮೀಟರ್ ಕವರು ಬೇಕು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲೇ ಇದೆ. ಎಷ್ಟು ಮನೆಗಳಲ್ಲಿ ಅಷ್ಟು ಕೊಡುತ್ತಾರೆ ಎಂದು ಕೆಲಸ ನಡೆಯುವ ಸೈಟಿಗೆ ಹೋಗಿ ಟೇಪು ಹಿಡಿದು ನೋಡಿ.

ಹಳೇ ಮನೆಯಲ್ಲಿ ನೋಡಬೇಕಾದದ್ದು ಬೇರೆ. ಪಕ್ಕಾಸಿನ (ಹಂಚು ಹೊರುವ ಮರದ ಪಟ್ಟಿ) ತುದಿ, ಗೋಡೆಗೆ ತಾಗುವ ಜಾಗ, ಅಲ್ಲೇ ನೆನೆದು ಕೊಳೆಯುವುದು. ಚೂಪಾದ ಸ್ಕ್ರೂ ಡ್ರೈವರಿನಲ್ಲಿ ಚುಚ್ಚಿ ನೋಡಿ, ಒಳಗೆ ಇಳಿದರೆ ಮರ ಹೋಗಿದೆ. ಗೆದ್ದಲು ಇದೆಯಾ, ಎರಡು ಮಾಡು ಸೇರುವಲ್ಲಿ ಸೋರುತ್ತದಾ? ಕೆಂಪುಕಲ್ಲಿನ ಗೋಡೆಗೆ ಯಾರೋ ಮೇಲಿಂದ ಸಿಮೆಂಟ್ ಬಳಿದು ಆಯಿಲ್ ಪೇಂಟ್ ಹೊಡೆದಿದ್ದರೆ ತೇವ ಒಳಗೇ ನಿಂತು ಗೋಡೆ ಪುಡಿಯಾಗುತ್ತದೆ, ಅದನ್ನು ತೆಗೆಸಿ ಸುಣ್ಣದ ಗಾರೆ ಹಾಕಿಸಿ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಈಗ ಕಡಿಮೆ, ಹುಡುಕಬೇಕು. ಪ್ರತಿ ವರ್ಷ ಮೇ ತಿಂಗಳಲ್ಲಿ ಒಡೆದ ಹಂಚು ಬದಲಿಸಿ, ಮಾಡಿನ ಮೇಲಿನ ಎಲೆ ಕಸ ಗುಡಿಸಿ, ಮಾಡಿನ ಮೇಲೆ ವಾಲಿದ ಮರದ ಗೆಲ್ಲು ಕಡಿಸಿ. ಬೇರೆ ಮನೆ ಕೆಡವಿದಾಗ ಸಿಗುವ ಹಳೇ ಹಂಚು ನೂರೈವತ್ತು, ಇನ್ನೂರು ತಂದು ಹಿಂದೆ ಪೇರಿಸಿಟ್ಟುಕೊಳ್ಳಿ. ಬಾತ್‌ರೂಮು, ಅಡುಗೆಮನೆ ಹೊಸದಾಗಿ ಬೇಕಾದರೆ ಹಿಂಬದಿಗೆ ಸೇರಿಸಿ ಕಟ್ಟಬಹುದು.

ಇನ್ನೊಂದು ವಿಷಯ. ನಿಮ್ಮ ಮನೆ ಸಿಆರ್‌ಝೆಡ್ ಒಳಗಿದ್ದರೆ ಕೆಡವಿದ ಮೇಲೆ ಮತ್ತೆ ಕಟ್ಟಲು ಅನುಮತಿ ಸಿಗದೆ ಖಾಲಿ ಜಾಗ ನೋಡುತ್ತಾ ಕೂರಬೇಕಾದೀತು. ಅದನ್ನು ವಿಚಾರಿಸದೆ ಒಂದು ಕಲ್ಲೂ ತೆಗೆಯಬೇಡಿ.

ಪ್ರಶ್ನೆ: ಬಾವಿ ನೀರು ಕುಡಿಯಲು ಆಗುತ್ತದಾ? ನಾವು ನವೆಂಬರ್‌ನಲ್ಲಿ ಕುಡಿದು ನೋಡಿದಾಗ ಸಿಹಿಯಾಗಿತ್ತು.

ನವೆಂಬರ್‌ನಲ್ಲಿ ಸಿಹಿ ಇರುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಕುಡಿದು ನೋಡಿ.

ಮರಳು ನೆಲದಲ್ಲಿ ಮಳೆಯ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ. ಮಳೆ ನಿಂತ ಮೇಲೆ ಆ ಪದರ ತೆಳ್ಳಗಾಗುತ್ತಾ ಬರುತ್ತದೆ. ಆಗ ಅಕ್ಕಪಕ್ಕದವರೆಲ್ಲ ಜೋರಾಗಿ ಪಂಪು ಹಾಕಿದರೆ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ. ಬೋರ್‌ವೆಲ್ ಕೊರೆದರೆ ಸಮಸ್ಯೆ ತೀರುತ್ತದೆ ಎಂದು ಹೇಳುವವರು ಇದ್ದಾರೆ, ಕಡಲ ಬದಿಯಲ್ಲಿ ಅದರಿಂದ ಉಪ್ಪು ಬೇಗ ಬರುತ್ತದೆ. ನೀರಿನ ಸ್ಯಾಂಪಲ್ ಲ್ಯಾಬಿಗೆ ಕೊಡಿ. ಕುಡಿಯುವ ನೀರಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಪದಾರ್ಥ) ಲೀಟರಿಗೆ 500 ಮಿಲಿಗ್ರಾಂ, ಕ್ಲೋರೈಡ್ 250 ಮಿಲಿಗ್ರಾಂ ಒಳಗಿರಬೇಕು. ಬೇರೆ ದಾರಿಯೇ ಇಲ್ಲದಿದ್ದಾಗ ಇದಕ್ಕಿಂತ ಜಾಸ್ತಿಯನ್ನು ಒಪ್ಪಬಹುದು ಎಂದೂ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆ ಬಿಡಬೇಡಿ. ಚಿಕ್ಕ ಚಿಕ್ಕ ಜಾಗದಲ್ಲಿ ಒತ್ತಿ ಒತ್ತಿ ಮನೆಗಳಿವೆ, ಪ್ರತಿ ಮನೆಗೂ ಬಾವಿ, ಪ್ರತಿ ಮನೆಗೂ ಶೌಚಗುಂಡಿ. ನಿಮ್ಮ ಗುಂಡಿ ಬಾವಿಯಿಂದ 15 ಮೀಟರ್ ದೂರ ಇದೆ ಎಂದರೆ ಸಾಲದು, ಪಕ್ಕದ ಮನೆಯವರ ಗುಂಡಿ ಎಲ್ಲಿದೆ ಎಂದೂ ನೋಡಿ.

ನಳ್ಳಿ ನೀರು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನ ಮೇಲೆ ನಿಂತಿದೆ. 2019, 2023ರ ಬೇಸಿಗೆಯಲ್ಲಿ ಅಲ್ಲಿ ನೀರು ಇಳಿದು ಮಂಗಳೂರಿನಲ್ಲೇ ಸರದಿ ಮೇಲೆ ನೀರು ಬಿಟ್ಟರು. ಹಾಗಾಗಿ ಮಳೆನೀರನ್ನು ಮಾಡಿನಿಂದ ಇಳಿಸಿ, ಸೋಸಿ, ಬಾವಿಗೆ ಬಿಡುವ ವ್ಯವಸ್ಥೆ ಮಾಡಿಸಿ. ವರ್ಷಕ್ಕೆ 3500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ಇದು. ಅಷ್ಟೂ ನೀರು ಚರಂಡಿಗೆ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ದೇರಳಕಟ್ಟೆ, ಕೊಣಾಜೆ ಕಡೆ ಹೋದರೆ ಉಪ್ಪಿನ ತೊಂದರೆ ಇಲ್ಲ, ಆದರೆ ಕೆಂಪುಕಲ್ಲಿನ ಗುಡ್ಡ, ಬಾವಿ ಆಳ.

ಪ್ರಶ್ನೆ: ನಾನು ಮುಂದಿನ ವರ್ಷ ನಿವೃತ್ತಿಯಾಗುತ್ತೇನೆ. ಒಬ್ಬಳೇ ಮಗಳು, ಅಮ್ಮ ನನ್ನ ಜೊತೆ ಇದ್ದಾರೆ. ಹುಬ್ಬಳ್ಳಿಯಿಂದ ಬಂದು ಉಳ್ಳಾಲದಲ್ಲಿ ಇರುವ ಆಸೆ. ಬದುಕು ಹೇಗಿದೆ ಅಲ್ಲಿ? ನಿಜ ಹೇಳಿ. ಗಲಾಟೆ ಊರು ಎನ್ನುತ್ತಾರೆ.

ನಿಜವನ್ನೇ ಹೇಳುತ್ತೇನೆ ಅಮ್ಮಾ.

ಮೊದಲು ಸೆಕೆ. ಮಾರ್ಚ್‌ನಿಂದ ಮೇವರೆಗೆ ಬೆವರು ಆರುವುದೇ ಇಲ್ಲ. ಹುಬ್ಬಳ್ಳಿಯ ಒಣ ಬಿಸಿಲಿಗೆ ಒಗ್ಗಿದ ಅಮ್ಮನವರಿಗೆ ಇದು ಕಷ್ಟವಾಗಬಹುದು. ಆಮೇಲೆ ಮಳೆ. ಜೂನ್, ಜುಲೈಯಲ್ಲಿ ಬಟ್ಟೆ ಒಣಗುವುದಿಲ್ಲ, ಕಪಾಟಿನಲ್ಲಿ ಬೂಸ್ಟು ಬರುತ್ತದೆ, ಕರೆಂಟು ಹೋಗುತ್ತದೆ. ಇವೆರಡನ್ನೂ ಅಮ್ಮ ತಡೆದುಕೊಳ್ಳುತ್ತಾರಾ ಎಂದು ನೋಡಲು ಮೊದಲು ಬಾಡಿಗೆಗೆ ಇದ್ದು ನೋಡಿ. ಒಂದು ಬೇಸಿಗೆ, ಒಂದು ಮಳೆಗಾಲ. ಕೊಳ್ಳುವುದು ಆಮೇಲೆ. ತೊಕ್ಕೊಟ್ಟು, ದೇರಳಕಟ್ಟೆ ಕಡೆ ಮೆಡಿಕಲ್ ಕಾಲೇಜು, ಕೊಣಾಜೆಯಲ್ಲಿ ವಿಶ್ವವಿದ್ಯಾಲಯ ಇರುವುದರಿಂದ ಬಾಡಿಗೆ ಮನೆ ಸಿಗುತ್ತದೆ, ರೇಟು ಮಾತ್ರ ವಿದ್ಯಾರ್ಥಿಗಳನ್ನು ನೋಡಿ ಹೇಳುತ್ತಾರೆ. ಅಮ್ಮನಿಗೆ ದೊಡ್ಡ ಆಸ್ಪತ್ರೆ ಹತ್ತಿರ ಇರುವುದು ನಿಮಗೆ ದೊಡ್ಡ ಅನುಕೂಲ, ಇದನ್ನು ನಾನು ಮೊದಲ ಸಾಲಿಗೆ ಹಾಕುತ್ತೇನೆ. ಪೇಟೆಗೆ ಹೋಗಲು ರಾಷ್ಟ್ರೀಯ ಹೆದ್ದಾರಿ 66ರ ನೇತ್ರಾವತಿ ಸೇತುವೆ ಒಂದೇ ಸರಿಯಾದ ದಾರಿ. ಅದರ ಮೇಲೆ ಒಂದು ಲಾರಿ ಕೆಟ್ಟು ನಿಂತರೆ ಎರಡೂ ಕಡೆ ಕಟ್ಟು. ದಿನಾ ಆಫೀಸಿಗೆ ಹೋಗುವವರಿಗೆ ಇದು ತಲೆನೋವು, ನಿಮಗೆ ಅಷ್ಟಿಲ್ಲ.

ಕೋಟೆಪುರ ಕಡೆ ಮನೆ ನೋಡುವುದಾದರೆ ಸಂಜೆ, ರಾತ್ರಿ ಹೋಗಿ ನೋಡಿ. ಅಲ್ಲಿ ಮೀನೆಣ್ಣೆ, ಮೀನಿನ ಹುಡಿ ಮಾಡುವ ಕಾರ್ಖಾನೆಗಳಿವೆ, ಗಾಳಿ ಬೀಸಿದ ದಿಕ್ಕಿಗೆ ವಾಸನೆ ಬರುತ್ತದೆ. ಹಗಲು ಹೊತ್ತು ಹೋದವರಿಗೆ ಕೆಲವೊಮ್ಮೆ ಗೊತ್ತೇ ಆಗುವುದಿಲ್ಲ.

ಇನ್ನು ಗಲಾಟೆ ವಿಷಯ. ಕರಾವಳಿಯಲ್ಲಿ ಹಿಂದೆ ಆದದ್ದು ಆಗಿದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಂಥ ದಿನಗಳಲ್ಲಿ ಅಂಗಡಿ ಬಾಗಿಲು ಹಾಕುತ್ತವೆ, ಮಕ್ಕಳು ಮನೆ ಸೇರುವವರೆಗೆ ಎದೆ ಹೊಡೆದುಕೊಳ್ಳುತ್ತದೆ. ಆದರೆ ಉಳಿದ ದಿನಗಳ ಉಳ್ಳಾಲವನ್ನೂ ನೀವು ನೋಡಬೇಕು. ಸೋಮನಾಥೇಶ್ವರ ದೇವಸ್ಥಾನದ ಎದುರು ಸಂಜೆ ಬಂಡೆಯ ಮೇಲೆ ಕೂತಿರುವ ಜನ, ಐದು ವರ್ಷಕ್ಕೊಮ್ಮೆ ನಡೆಯುವ ಸಯ್ಯದ್ ಮದನಿ ದರ್ಗಾದ ಉರೂಸಿಗೆ ಬರುವ ಜನ, ಮೀನು ಮಾರ್ಕೆಟಿನಲ್ಲಿ ಒಂದೇ ಉಸಿರಿಗೆ ತುಳು, ಬ್ಯಾರಿ, ಕನ್ನಡ, ಕೊಂಕಣಿ, ಮಲಯಾಳ ಮಾತಾಡುವ ಹೆಂಗಸರು. ನೀವು ತುಳುವಿನಲ್ಲಿ ನಾಲ್ಕು ಮಾತು ಕಲಿತರೆ ಬಂಗುಡೆಯ ರೇಟೂ ಇಳಿಯುತ್ತದೆ, ಪಕ್ಕದ ಮನೆಯವರೂ ಹತ್ತಿರವಾಗುತ್ತಾರೆ. ಯಾವ ಓಣಿಯಲ್ಲಿ ಯಾರು ಜಾಸ್ತಿ ಇದ್ದಾರೆ ಎಂದು ಬ್ರೋಕರ್‌ಗಳು ತಾವಾಗಿಯೇ ಹೇಳುತ್ತಾರೆ. ಆ ಲೆಕ್ಕದಲ್ಲಿ ಮನೆ ಆರಿಸಬೇಡಿ ಎಂದು ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ. ರಾತ್ರಿ ಹನ್ನೆರಡಕ್ಕೆ ಅಮ್ಮನಿಗೆ ಹುಷಾರು ತಪ್ಪಿದರೆ ಆಟೋ ತರುವವರು ಪಕ್ಕದ ಮನೆಯವರೇ, ಅವರ ಸ್ವಭಾವ ಹೇಗಿದೆ ಎಂದು ಮಾತ್ರ ನೋಡಿ.

ಪ್ರಶ್ನೆ: ನಾವು ನೋಡಿದ ಜಾಗದ ಮೂಲೆಯಲ್ಲಿ ನಾಗಬನ ಇದೆ. ಹಿಂದೆ 20 ಸೆಂಟ್ಸ್ ಕುಮ್ಕಿಯೂ ಸಿಗುತ್ತದೆ ಎನ್ನುತ್ತಾರೆ. ಒಳ್ಳೆಯದೇ ಅಲ್ವಾ?

ನಾಗಬನ (ನಾಗನ ಕಲ್ಲಿರುವ ಪವಿತ್ರ ಮರಗಳ ಗುಂಪು) ಇದ್ದರೆ ಅದು ಯಾವ ಕುಟುಂಬದ್ದು ಎಂದು ಕೇಳಿ. ವರ್ಷಕ್ಕೊಮ್ಮೆ ತಂಬಿಲದ ಪೂಜೆಗೆ, ನಾಗರಪಂಚಮಿಗೆ ಆ ಕುಟುಂಬದವರು ಬಂದೇ ಬರುತ್ತಾರೆ, ಅವರಿಗೆ ದಾರಿ ಬಿಡಬೇಕು. ಬನವನ್ನೂ ದಾರಿಯನ್ನೂ ಕ್ರಯಪತ್ರದಲ್ಲೇ ಗುರುತು ಮಾಡಿಸಿ, ಮರಗಳನ್ನು ಮುಟ್ಟಬೇಡಿ. ನಿಮಗೆ ನಂಬಿಕೆ ಇದೆಯೋ ಇಲ್ಲವೋ ಅದು ನಿಮಗೆ ಬಿಟ್ಟದ್ದು, ಊರವರ ನಂಬಿಕೆಗೆ ಜಾಗ ಇರಲಿ. ಇದನ್ನು ಒಪ್ಪಲು ಆಗದಿದ್ದರೆ ಬೇರೆ ಜಾಗ ನೋಡಿ.

ಕುಮ್ಕಿ ನಿಮ್ಮದಾಗುವುದಿಲ್ಲ. ಅದು ಸರ್ಕಾರಿ ಜಾಗ. ಹಳೇ ವರ್ಗ ಜಾಗದ ಸುತ್ತ 100 ಗಜದವರೆಗೆ ಸೊಪ್ಪು, ಸೌದೆ, ಮೇವಿಗೆ ಎಂದು ಕೊಟ್ಟ ಸವಲತ್ತು ಅಷ್ಟೇ. ಅದಕ್ಕೆ ಸೆಂಟಿನ ಲೆಕ್ಕದಲ್ಲಿ ಒಂದು ರೂಪಾಯಿಯೂ ಕೊಡಬೇಡಿ.

ಪ್ರಶ್ನೆ: ರಿಜಿಸ್ಟ್ರೇಶನ್‌ಗೆ ಒಟ್ಟು ಎಷ್ಟು ಖರ್ಚು ಬರುತ್ತದೆ? ಮಾರುವವರು ಅಬುಧಾಬಿಯಲ್ಲಿದ್ದಾರೆ, ಏನಾದರೂ ವ್ಯತ್ಯಾಸ ಇದೆಯಾ?

ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ನಗರ ವ್ಯಾಪ್ತಿಯಲ್ಲಿ 5.6% ಆಗುತ್ತದೆ. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2% ಮಾಡಿದ್ದಾರೆ. ಒಟ್ಟು 7.6%. ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ), ನೀವು ಕೊಡುವ ಬೆಲೆ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಬೆಲೆ ಕಡಿಮೆ ತೋರಿಸಿ ಉಳಿದದ್ದು ಕೈಯಲ್ಲಿ ಕೊಡಿ ಎಂದರೆ ಒಪ್ಪಬೇಡಿ, ನಾಳೆ ಮಾರುವಾಗ ತೆರಿಗೆ ನಿಮ್ಮ ತಲೆಗೇ ಬರುತ್ತದೆ.

ವ್ಯತ್ಯಾಸ ಇದೆ, ದೊಡ್ಡದೇ ಇದೆ. ಮಾರುವವರು ಇಲ್ಲೇ ಇರುವವರಾದರೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಗೆ ನೀವು 1% ಟಿಡಿಎಸ್ (ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಹಿಡಿಯುವ ತೆರಿಗೆ) ಹಿಡಿದು ಕಟ್ಟಿದರೆ ಸಾಕು. ಅನಿವಾಸಿಯಾದರೆ ಆ 50 ಲಕ್ಷದ ಮಿತಿ ಇಲ್ಲ, ಹಿಡಿಯಬೇಕಾದ ಪ್ರಮಾಣವೂ ಜಾಸ್ತಿ. ಹಿಡಿಯದಿದ್ದರೆ ಇಲಾಖೆ ಕೊಂಡವರನ್ನೇ, ಅಂದರೆ ನಿಮ್ಮನ್ನೇ ಕೇಳುತ್ತದೆ. ಉಳ್ಳಾಲದಲ್ಲಿ ಎಷ್ಟೋ ಜಾಗದ ಒಡೆಯರು ಗಲ್ಫ್‌ನಲ್ಲಿರುವುದರಿಂದ ಈ ಪ್ರಶ್ನೆ ತುಂಬಾ ಜನರಿಗೆ ಬರುತ್ತದೆ, ಕೇಳಿದ್ದು ಒಳ್ಳೆಯದಾಯಿತು. ಅವರು ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ತರಿಸಿಕೊಳ್ಳಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ಕರಾರು ಬರೆಯುವ ಮುಂಚೆಯೇ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಕೂತು ಮಾತಾಡಿ. ಪವರ್ ಆಫ್ ಅಟಾರ್ನಿ ಹಿಡಿದವರು ಸಹಿ ಹಾಕುವುದಾದರೆ ಅಬುಧಾಬಿಯಲ್ಲಿರುವ ಒಡೆಯರ ಜೊತೆ ವಿಡಿಯೋ ಕಾಲ್‌ನಲ್ಲಿ ನೇರವಾಗಿ ಮಾತಾಡಿ, ಪತ್ರ ಈಗಲೂ ಜಾರಿಯಲ್ಲಿದೆ, ರದ್ದಾಗಿಲ್ಲ ಎಂದು ಅವರ ಬಾಯಿಂದಲೇ ಕೇಳಿಕೊಳ್ಳಿ. ದುಡ್ಡು ಹೋಗಬೇಕಾದದ್ದು ಒಡೆಯರ ಎನ್‌ಆರ್‌ಓ ಖಾತೆಗೆ (ಅನಿವಾಸಿಗಳು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆ), ಪತ್ರ ಹಿಡಿದವರ ಖಾತೆಗಲ್ಲ.